ನಾಲ್ಕೂವರೆ ತಾಸಿನ ದಾರಿ

"ದಮ್ಮಾಮಿಗಿ ಎಷ್ಟು ತಾಸು ಆಗ್ತದ್ರಿ?"

ಹುಮನಾಬಾದಿನ ಟ್ರಾವೆಲ್ಸ್ ಆಫೀಸಿನಲ್ಲಿ ಸಮ್ರೀನ ತಲೆ ಎತ್ತಿದಳು. ಔಷಧಿ ಕಾರ್ಖಾನೆಯ ನೀಲಿ ಅಂಗಿ ತೊಟ್ಟ ಅದೇ ಯುವಕ. ನಾಲ್ಕನೇ ಶುಕ್ರವಾರ, ಅದೇ ಪ್ರಶ್ನೆ.

"ಹೈದರಾಬಾದಿನಿಂದ ಮೂರು ಸಾವಿರ ಕಿಲೋಮೀಟರ್, ನಾಲ್ಕೂವರೆ ತಾಸು. ಹೋದ ವಾರಾನೂ ಇಷ್ಟ ಇತ್ತು. ದಾರಿ ವಾರಕ್ಕೊಮ್ಮಿ ಉದ್ದ ಆಗಂಗಿಲ್ರಿ."

ಅವನ ತುಟಿಯಂಚಿನಲ್ಲಿ ನಗು ಮೂಡಿತು. ಅವಳ ಮುಖವನ್ನು ಒಮ್ಮೆ ನೋಡಿದವನು ಸುಟ್ಟುಕೊಂಡವನಂತೆ ಕಣ್ಣು ತಿರುಗಿಸಿ ಹೊರಟುಹೋದ.

ಆ ನೋಟ ಅವಳೊಳಗೆ ಉಳಿಯಿತು. ಅವಳಿಗೆ ಭಯವಾಯಿತು. ಅವಳ ಮನಸ್ಸಿನಲ್ಲಿ ಆಗಲೇ ಒಬ್ಬನಿದ್ದ.

ನಸೀರ್. ಅವಳ ಊರು ಬಸವಕಲ್ಯಾಣದವನೇ, ಸೌದಿಯ ದಮ್ಮಾಮಿನಲ್ಲಿ ಎಲೆಕ್ಟ್ರಿಷಿಯನ್. ಮದುವೆ ನಿಶ್ಚಯವಾದ ಮೇಲೆ ದಿನಾ ಫೋನು. "ನಾಲ್ಕೂವರೆ ತಾಸು, ಅಷ್ಟ. ನೀ ಬಿರಿಯಾನಿ ದಮ್ಮಿಗಿ ಇಡೂದ್ರಾಗ ಬಂದ್ಬಿಡ್ತೀನಿ." ಮದುವೆಗೆ ಬರುವ ಟಿಕೆಟನ್ನು ಅವಳೇ ಬುಕ್ ಮಾಡಿದ್ದಳು. ಏರ್‌ಪೋರ್ಟಿನ ದಾರಿಯಲ್ಲಿ ಕಾರು ಉರುಳಿತು. ನಸೀರ್ ದಮ್ಮಾಮಿನಲ್ಲೇ ತೀರಿಕೊಂಡು ಅಲ್ಲೇ ಮಣ್ಣಾದ.

ಎರಡು ವರ್ಷವಾಯಿತು. ಆ ವಿಮಾನ ಈಗಲೂ ಬಂದಿಳಿಯುತ್ತದೆ. ಸಮ್ರೀನ ಕಂಪ್ಯೂಟರಿನಲ್ಲಿ ಅದನ್ನು ನೋಡುತ್ತಾಳೆ, ಇಳಿದ ಮೇಲೆ ಫೋನ್ ಬಂದೀತೆಂಬಂತೆ ಕಾಯುತ್ತಾಳೆ.

ಮುಂದಿನ ಶುಕ್ರವಾರ ಅವಳು ಬಿಡಲಿಲ್ಲ. "ಟಿಕೆಟ್ ತಗೋಳಂಗಿಲ್ಲ. ನನ್ನ ನೋಡಾಕ ಬರ್ತೀರೇನು?"

"ಹೌದ್ರಿ." ಈ ಸಲ ಅವನು ಕಣ್ಣು ತಿರುಗಿಸಲಿಲ್ಲ. "ನಾ ಶಾಹಿದ್, ಮನ್ನಾಏಖೇಳ್ಳಿಯಂವ. ದಮ್ಮಾಮಿನಾಗ ನಸೀರನ ರೂಮಿನಾಗ ಇದ್ದೆ. ಅವತ್ತು ಕಾರು ಓಡಸಾಕತ್ತಿದ್ದಂವ ನಾನ."

ಅವಳು ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ನಿಂತಳು.

"ಅಂವ ನಿಮ್ಮ ಫೋಟೋ ತೋರಿಸ್ದ. 'ನೋಡೋ, ನಿನ್ನ ಭಾಬಿ' ಅಂದ. ರಸ್ತೆ ಬಿಟ್ಟು ನಾ ನಿಮ್ಮನ್ನ ನೋಡ್ದೆ. ಕಣ್ಣು ಮುಚ್ಚಿದ್ರ ಈಗೂ ಅದ ಮುಖ. ಹೇಳಬೇಕಂತ ಬರ್ತೀನಿ, ತಾಸು ಕೇಳಿ ಹೋಗ್ತೀನಿ."

ಬಸವಕಲ್ಯಾಣದ ಬಸ್ಸಿನಲ್ಲಿ ಸಮ್ರೀನ ದಾರಿಯುದ್ದಕ್ಕೂ ಅತ್ತಳು.

ಆಮೇಲೆ ಶಾಹಿದ್ ಬರಲಿಲ್ಲ. ಮೂರನೇ ಶುಕ್ರವಾರ ತನ್ನ ಕಣ್ಣು ಬಾಗಿಲ ಕಡೆಗೇ ಇದೆಯೆಂದು ತಿಳಿದಾಗ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆದರೂ ಎದ್ದು ಕಾರ್ಖಾನೆಯ ಗೇಟಿಗೆ ಹೋದಳು.

"ಸಿಟ್ಟದ. ಸಾಯೋತನ ಇರ್ತದ," ಎಂದಳು ಹೊರಬಂದ ಶಾಹಿದನಿಗೆ. "ಆದ್ರ ಅವನ ಬಗ್ಗಿ ಮಾತಾಡಾಕ ನಂಗ ನಿಮ್ಮ ಬಿಟ್ರ ಯಾರೂ ಇಲ್ಲ."

ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಮಾತು ಶುರುವಾಯಿತು. ನಸೀರ್ ರೊಟ್ಟಿ ಕರಕಲು ಮಾಡುತ್ತಿದ್ದುದು, ಅಪಸ್ವರದಲ್ಲಿ ಹಾಡುತ್ತಿದ್ದುದು. ತಿಂಗಳುಗಳು ಕಳೆದಂತೆ ತಮ್ಮಿಬ್ಬರ ಮಾತೂ ಸೇರಿತು. ಒಂದು ಸಂಜೆ ಅವಳು ನಕ್ಕಳು. ಅವನು ಹೇಳುತ್ತಿದ್ದುದನ್ನೇ ಮರೆತ.

"ನಮ್ಮ ಅಮ್ಮೀನ್ನ ನಿಮ್ಮ ಮನೀಗಿ ಲಗ್ನದ ಮಾತಿಗಿ ಕಳಸ್ಲೇನ್ರಿ?"

"ಮೊದಲ ನೀವ ಬರ್ರಿ. ನಂಗ ಹೇಳಿದ್ದು ಅಬ್ಬಾಗೂ ಹೇಳ್ರಿ."

ಭಾನುವಾರ ಶಾಹಿದ್ ಬಂದ. ಏನನ್ನೂ ಮುಚ್ಚಿಡದೆ ಹೇಳಿದ. ಅವಳ ತಂದೆ ಮಹೆಬೂಬರು ಗಡ್ಡ ನೀವುತ್ತ ಕೇಳಿದರು. ಕೊನೆಗೆ ಒಂದೇ ಪ್ರಶ್ನೆ: "ನಸೀರನ ಜನಾಜಾಕ್ಕ ಹೆಗಲು ಕೊಟ್ಟಿದ್ದೇನು?"

"ಕೊಟ್ಟೀನಿ, ಚಾಚಾ. ಕಬರಿನಾಗ ಇಳಿಸಿದಂವನೂ ನಾನ."

ಆಮೇಲೆ ಮಹೆಬೂಬರ ದನಿ ಅಡುಗೆಮನೆಗೆ ಬಂತು: "ಬೇಟಿ, ಚಾ ತಾ."

ಒಲೆಯ ಮುಂದೆ ಸಮ್ರೀನಳಿಗೆ ಬೆನ್ನ ಹಿಂದೆ ನಸೀರ್ ನಿಂತಂತಾಯಿತು. ತಿರುಗಲಿಲ್ಲ.

"ಹೋಗ್ಲೇನು?" ಎಂದು ಮೆಲ್ಲಗೆ ಕೇಳಿದಳು.

ಚಹಾ ಉಕ್ಕಿ ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು, ಕಪ್ಪುಗಳಿಗೆ ಸೋಸಿ, ಅವಳು ಹೊರಗೆ ನಡೆದಳು.