ಕಪ್ಪು ಬಾಲದ ಕ್ರೌಂಚ

ರಾತ್ರಿ ಎಷ್ಟೋ ಹೊತ್ತಿನಲ್ಲಿ ಅಗುಳಿ ಸರಿದ ಹಾಗೆ ಟಕ್ಕೆಂದಿತು. ಕೆಲಸದ ಜಾಗದಲ್ಲೇ ಮಲಗಿದ್ದ ಒಕ್‌ಬುನ್ ಉಸಿರು ಬಿಗಿಹಿಡಿದು ಆಲಿಸಿದಳು, ಮತ್ತೇನೂ ಕೇಳಿಸಲಿಲ್ಲ. ಬೆಳಗಾಗುವಾಗ ಪಕ್ಷಿ ಆಸ್ಪತ್ರೆಯ ದೊಡ್ಡಿಯ ಬಾಗಿಲು ತೆರೆದಿತ್ತು. ಒಳಗೆ ಬಿಳಿಕತ್ತಿನ ಕ್ರೌಂಚ ಮಾತ್ರ ಒಂಟಿಕಾಲಲ್ಲಿ ನಿಂತಿತ್ತು. ಅದರ ಜೊತೆಗಿದ್ದ ಕೆಂಪುನೆತ್ತಿಯದು ಇರಲಿಲ್ಲ.

ಬಾಗಿಲು ಹಾಕುವ ಕೆಲಸ ಅವಳದು. ಹಿಂದಿನ ದಿನ ಡಾಕ್ಟರ್ ಪ್ಯೋ ಹ್ಯೆರಾನ್ ಎರಡೂ ಹಕ್ಕಿಗಳ ರೆಕ್ಕೆ ಬಿಡಿಸಿ ಹೋಲಿಸಿ ನೋಡುವಾಗ ಹಿಡಿದುಕೊಂಡಿದ್ದವಳೂ ಅವಳೇ. ತಪ್ಪು ಅವಳದೆಂದಾದರೆ ಕೆಲಸ ಹೋಗುತ್ತದೆ, ಸೈನ್ಯದ ಕಾವಲಿರುವ ಛೊರ್ವೊನ್ ಗಡಿಯ ಈ ಬಯಲಿಗೆ ಬರುವ ಪಾಸೂ ಹೋಗುತ್ತದೆ. ಸಂಜೆ ಸೈನಿಕರು ಮುಚ್ಚಿದ ಬಯಲಿನ ಗೇಟು ಇನ್ನೂ ತೆರೆದಿರಲಿಲ್ಲ. ಒಳಗಿದ್ದವರೆಲ್ಲ ಒಳಗೇ ಸಿಕ್ಕಿಕೊಂಡಿದ್ದರು.

ಕಾವಲಿನ ಪಿಲ್ಜೊ ಸೋಜು ಕುಡಿದು ಮಲಗಿದ್ದೆನೆಂದು ತಲೆ ತಗ್ಗಿಸಿದ. ಕಾಳಿನ ಲಾರಿ ತಂದು ರಾತ್ರಿ ಅಲ್ಲೇ ಉಳಿದಿದ್ದ ದೊಕ್ಸು, ಒಕ್‌ಬುನ್‌ಳ ಅಕ್ಕನ ಗಂಡ, ಎಲ್ಲವನ್ನೂ ಕಣ್ಣಾರೆ ಕಂಡೆ ಎಂದ.

"ಕಪ್ಪು ಬಾಲ ಬಿಚ್ಕೊಂಡು ನದಿ ಕಡೆ ಹಾರೋಯ್ತು, ಡಾಕ್ಟ್ರಮ್ಮ. ನಮ್ ನಾದಿನಿ ಅಲ್ವಾ, ಅನ್ನದ ಪಾತ್ರೆಗೂ ಮುಚ್ಚಳ ಹಾಕೋದು ಮರೀತಾಳೆ."

ಪಿಲ್ಜೊ ನದಿಯತ್ತ ಹೊರಟ. ಸುತ್ತಲ ಊರುಗಳ ಎಷ್ಟೋ ಕಳವುಗಳ ಗುಟ್ಟು ಬಿಡಿಸಿದ್ದ ಪ್ಯೋ ಅವನನ್ನು ತಡೆದು, ಮೂವರನ್ನೂ ಒಲೆಯ ಸುತ್ತ ಕೂರಿಸಿದರು.

"ಎರಡೂ ಅಳಿದು ಹೋಗ್ತಿರೋ ಹಕ್ಕಿಗಳು, ಒಂದೇ ಕುಟುಂಬದವು. ಆದ್ರೆ ಪಕ್ಷಿಪಂಡಿತರು ಈಗ ಬೇರೆ ಬೇರೆ ಕುಲಕ್ಕೆ ಸೇರಿಸಿದ್ದಾರೆ. ಅದಕ್ಕೇ ನಿನ್ನೆ ಗರಿಗರಿ ನೋಡಿದ್ದು. ಕೆಂಪುನೆತ್ತಿಯದರ ಬಾಲ ಯಾವ ಬಣ್ಣಮ್ಮ?"

"ಬಿಳಿ," ಎಂದಳು ಒಕ್‌ಬುನ್ ಮೆಲ್ಲಗೆ.

"ನಿಂತಾಗ ಬಾಲದ ಹಾಗೆ ಕಾಣೋ ಕಪ್ಪು ರೆಕ್ಕೆಯದು," ಎಂದರು ಪ್ಯೋ. "ಹಾರಿದ್ರೆ ರೆಕ್ಕೆ ಜೊತೆಗೇ ಹರಡತ್ತೆ, ಬಿಳಿ ಬಾಲ ಕಾಣತ್ತೆ. ಮನೆ ಪರದೆಗಳ ಮೇಲೆ ಚಿತ್ರ ಬರೆಯೋರು ಮಾತ್ರ ಹಾರೋ ಹಕ್ಕಿಗೂ ಕಪ್ಪು ಬಾಲ ಬರೀತಾರೆ. ನೀನು ನೋಡಿದ್ದು ಆ ಚಿತ್ರದ ಹಕ್ಕೀನ, ದೊಕ್ಸು. ನಮ್ಮ ಹಕ್ಕಿ ಹಾರಲೇ ಇಲ್ಲ. ಗೇಟೂ ತೆರೆದಿಲ್ಲ. ನಾವೆಲ್ಲ ನದಿ ಹತ್ರ ಹುಡುಕ್ತಿರುವಾಗ ಹೊರಗೆ ಹೋಗೋಕೆ ಕಾದಿರೋದು ನಿನ್ನ ಲಾರಿ ಒಂದೇ."

ಲಾರಿಯ ಹುಲ್ಲಿನಡಿ ಚೀಲವೊಂದು ಮಿಸುಕಾಡುತ್ತಿತ್ತು. ಹಕ್ಕಿಯ ತಲೆಗೆ ಕಾಲುಚೀಲ ತೊಡಿಸಿದ್ದರು, ಜೀವವಿತ್ತು.

"ಕೆಟ್ಟದ್ದು ನಿನ್ನ ಹೆಸರು," ಎಂದರು ಪ್ಯೋ, ಒಕ್‌ಬುನ್‌ಳತ್ತ ತಿರುಗಿ. "ನೀನು ಹೂಂ ಅಂದ್ರೆ ಗೇಟಿನ ಸೈನಿಕರಿಗೆ ಫೋನ್ ಮಾಡ್ತೀನಿ."

ದೊಕ್ಸು ಅವಳನ್ನೇ ದಿಟ್ಟಿಸುತ್ತಿದ್ದ. ಅವಳಿಗಿದ್ದ ಒಂದೇ ಕೋಣೆ ಅವನ ಮನೆಯಲ್ಲಿತ್ತು; ಆ ಕೋಣೆಯ ಬಾಗಿಲಿಗೆ ಅಗುಳಿ ಇರಲಿಲ್ಲ. ಗೇಟು ತೆರೆದ ಮೇಲೆ ಅದೇ ಲಾರಿಯಲ್ಲಿ ಅವನ ಪಕ್ಕ ಕೂತು ಹೋಗಬೇಕು, ಅಕ್ಕ ಬಡಿಸಿದ್ದನ್ನು ಉಣ್ಣಬೇಕು.

"ಬೇಡ, ಡಾಕ್ಟ್ರಮ್ಮ," ಎಂದಳು. ಇದನ್ನು ಅಕ್ಕನಿಗೂ ಹೇಳಬಾರದು, ಯಾರಿಗೂ ಹೇಳಬಾರದು ಎಂದು ಆಗಲೇ ಗಟ್ಟಿಮಾಡಿಕೊಂಡಿದ್ದಳು.