ಲ್ಯಾಂಡ್‌ಮಾಸ್ಟರಿನ ಎಡಗಡೆ

“ಗೋಡೆ ಒಡೀಬೇಡ ತಾಯಿ. ಒಡೆದ್ರೂ ಮಾಟ ಮಾಡ್ಸಿರೋ ಆ ಗಾಡಿ ಹತ್ತಬೇಡ. ಹತ್ತಿದ್ರೂ ಪಕ್ಕದಲ್ಲಿ ಯಾರನ್ನೂ ಕೂರಿಸ್ಕೋಬೇಡ.”

ದಿಬ್ಬೂರಹಳ್ಳಿಯಿಂದ ಒಳಕ್ಕೆ, ಹಿಪ್ಪುನೇರಳೆ ತೋಟಗಳ ನಡುವೆ ಅಡಗಿದ್ದ ಆ ಸಣ್ಣ ಊರಿನಲ್ಲಿ, ಎದುರುಮನೆಯ ಜಗಲಿ ಮೇಲೆ ಕೂತಿದ್ದ ಮುದುಕಿ ರಾಮಲಕ್ಷ್ಮಮ್ಮ ಹೀಗೆಂದಾಗ ಶ್ರೀವಲ್ಲಿಗೆ ನಗು ಬಂತು. ಕೈಯಲ್ಲಿದ್ದ ಹಾರೆಯನ್ನು ಕೂಲಿಯವನಿಗೆ ಕೊಟ್ಟು, ಹಣೆಯ ಬೆವರು ಒರೆಸಿಕೊಂಡು ಅಂದಳು:

“ನನ್ನ ಪಕ್ಕ ಈಗಲೂ ಯಾರೂ ಕೂರಲ್ಲ ಬಿಡಿ ಅಜ್ಜಿ. ನಿಮ್ಮ ಮಾಟಕ್ಕೆ ಕಿತ್ಕೊಳ್ಳೋಕೆ ನನ್ನ ಹತ್ರ ಏನೂ ಇಲ್ಲ.”

ಕೂಲಿಯವನು ನಗಲಿಲ್ಲ. ಮುದುಕಿಯೂ ನಗಲಿಲ್ಲ.

ಶ್ರೀವಲ್ಲಿ ಈ ಸೀಮೆಯವಳಲ್ಲ. ಮದುವೆ ಮುರಿದ ಮೇಲೆ ಮೈಸೂರಿನ ನೆಂಟರ ಕಣ್ಣುಗಳನ್ನು ತಾಳಲಾರದೆ, ತಾಯಿ ಕನಕಲಕ್ಷ್ಮಿಯನ್ನು ಕರೆದುಕೊಂಡು ಚಿಕ್ಕಬಳ್ಳಾಪುರಕ್ಕೆ ಬಂದು, ಜಮೀನು ಮನೆ ಮಾರಿಸುವ ಕೆಲಸಕ್ಕಿಳಿದಿದ್ದಳು. ಸ್ಕಂದಗಿರಿ ಕಾಣುವ ಸೈಟು ಬೇಕೆಂದು ಬರುವವರಿಗೆ ಸೈಟು ತೋರಿಸುವುದು ಅವಳ ಹೊಟ್ಟೆಪಾಡು. ಜೀವ ಮಾತ್ರ ಇದ್ದದ್ದು ಹಳೆಯ ಮನೆಗಳಲ್ಲಿ ಮತ್ತು ಹಳೆಯ ಕಾರುಗಳಲ್ಲಿ. ಭಾನುವಾರ ಬೆಳಗಾದರೆ ತನ್ನ ನೀಲಿ ಕಾಂಟೆಸ್ಸಾ ತೆಗೆದುಕೊಂಡು ಪೆರೇಸಂದ್ರಕ್ಕೆ ಹೋಗುತ್ತಿದ್ದಳು. ಹೆದ್ದಾರಿ ಪಕ್ಕದ ಹೋಟೆಲಿನ ಮುಂದೆ ಹಳೆಯ ಕಾರಿನವರೆಲ್ಲ ಸೇರುತ್ತಿದ್ದರು. ಅವರು ಹೆಂಡತಿ ಮಕ್ಕಳ ಸಮೇತ ಬರುತ್ತಿದ್ದರು, ಇವಳು ಒಬ್ಬಳೇ. ಬಾನೆಟ್ ಎತ್ತಿದರೆ ನಾಲ್ಕು ಜನ ಹತ್ತಿರ ಬಂದು ಮಾತಾಡಿಸುತ್ತಿದ್ದರು. ಬಾನೆಟ್ ಮುಚ್ಚಿದ ಮೇಲೆ ಅವರವರ ಟೇಬಲ್ಲಿಗೆ ಹೋಗುತ್ತಿದ್ದರು. ಇವಳು ನಿಂತುಕೊಂಡೇ ಕಾಫಿ ಕುಡಿದು ಮನೆಗೆ ಬರುತ್ತಿದ್ದಳು.

ಈಗ ಗೋಡೆ ಒಡೆಯುತ್ತಿದ್ದ ಮನೆ ಶಿಡ್ಲಘಟ್ಟದ ರೇಷ್ಮೆಗೂಡಿನ ವ್ಯಾಪಾರಿ ಚಲಪತಿಯದು. ಅವನ ತಾತ ವೆಂಕಟರಾಮಪ್ಪ ಕಟ್ಟಿಸಿದ್ದು. ಕಲ್ಲಿನ ಕಂಬ, ನಡುವೆ ತೊಟ್ಟಿ, ಹಿಂದೆ ರೇಷ್ಮೆ ನೂಲು ತೆಗೆಯುತ್ತಿದ್ದ ಕೊಟ್ಟಿಗೆ. ಮನೆ ಮಾರಿಸಿಕೊಡಲು ಹೇಳಿದವನು, ಪಡಸಾಲೆಯ ಪಕ್ಕದಲ್ಲಿ ಬಾಗಿಲೇ ಇಲ್ಲದ ಒಂದು ಕೋಣೆಯಿದೆ, ತಾತ ಅದರೊಳಗೆ ಕಾರನ್ನಿಟ್ಟು ಗೋಡೆ ಎತ್ತಿಸಿಬಿಟ್ಟ ಎಂದಾಗ ಶ್ರೀವಲ್ಲಿ ಅದನ್ನು ತನಗೆ ಕೊಡುವಿರಾ ಎಂದು ಕೇಳಿದ್ದಳು. “ತಗೊಂಡೋಗಿ ಮೇಡಂ, ನಮಗ್ಯಾರಿಗೂ ಬೇಡ” ಎಂದಿದ್ದ ಚಲಪತಿ, ಅವಳ ಮುಖ ನೋಡದೆ.

ಗೋಡೆ ಬಿತ್ತು. ದೂಳಿನ ಹಿಂದೆಯೇ ಒಂದು ವಾಸನೆ ಬಂತು. ಕುದಿವ ನೀರಿನಲ್ಲಿ ಬೆಂದ ಗೂಡಿನ ವಾಸನೆ. ಸತ್ತ ಹುಳದ, ಒದ್ದೆ ಕೂದಲಿನ ಕಮಟು. ಆ ಕೋಣೆಯಲ್ಲಿ ಗೂಡು ಬೇಯಿಸಿದವರು ಯಾರೂ ಇರಲಿಲ್ಲ. ಕತ್ತಲೊಳಗೆ ಎರಡು ದುಂಡು ದೀಪ ಮಿಣುಕಿದವು. ಹಸಿರು ಬಣ್ಣದ ಲ್ಯಾಂಡ್‌ಮಾಸ್ಟರ್. ಹಿಂದಿನ ಸೀಟು ಇಲಿ ತಿಂದು, ತಳದ ತಗಡೂ ತೂತಾಗಿ ನೆಲ ಕಾಣುತ್ತಿತ್ತು. ಮುಂದಿನ ಬೆಂಚು ಸೀಟು ಮಾತ್ರ ನಿನ್ನೆ ಹೊಲಿಸಿದಂತಿತ್ತು. ಅದರಡಿಗೆ ಕೈ ಹಾಕಿದಾಗ ಕಪ್ಪು ಬಟ್ಟೆಯ ಗಂಟೊಂದು ಸಿಕ್ಕಿತು. ಒಳಗೆ ಮೊಳೆ ಚುಚ್ಚಿದ ಒಣ ನಿಂಬೆಹಣ್ಣು, ಹೆಂಗಸಿನ ಉದ್ದ ಕೂದಲು, ಮಗುವಿನ ಬೆಳ್ಳಿ ಉಡಿದಾರದ ತುಂಡು. ಶ್ರೀವಲ್ಲಿ ಅದನ್ನು ಕಲ್ಲುರಾಶಿಯ ಮೇಲೆ ಬಿಸಾಡಿದಳು. ಕೂಲಿಯವನು ಹಾರೆ ಅಲ್ಲೇ ಬಿಟ್ಟು, ಕೂಲಿಯನ್ನೂ ಕೇಳದೆ ಹೊರಟುಹೋದ.

ಎಂಜಿನ್ ಕೆಲಸಕ್ಕೆ ಬಂದವನು ಜಗನ್. ಚಿಕ್ಕಬಳ್ಳಾಪುರದಲ್ಲಿ ಅವನ ಷೆಡ್ಡು. ಕಾಂಟೆಸ್ಸಾ ಈಗಲೂ ಅಲ್ಲಿ ಬ್ರೇಕ್ ಬಿಚ್ಚಿಕೊಂಡು ನಿಂತಿತ್ತು. ಊರಲ್ಲಿ ಅವಳನ್ನು ‘ಅಕ್ಕ’ ಎನ್ನುತ್ತಿದ್ದವನು ಅವನೊಬ್ಬನೇ. ಹಲವು ದಿನ ಬೈಕಿನಲ್ಲಿ ಬಂದು ದುಡಿದ. ಒಂದು ಬೆಳಗ್ಗೆ ಲ್ಯಾಂಡ್‌ಮಾಸ್ಟರ್ ಕೆಮ್ಮಿತು, ಕನಲಿತು, ಆಮೇಲೆ ಗುರ್ ಎಂದು ಉಸಿರಾಡತೊಡಗಿತು.

“ನೀವೇ ಓಡ್ಸಿ ವಲ್ಲಕ್ಕ. ನಾನು ಸೌಂಡ್ ಕೇಳ್ತೀನಿ,” ಎಂದು ಎಡಗಡೆ ಹತ್ತಿ ಕೂತ.

ಕೆರೆ ಏರಿಯವರೆಗೆ ಹೋದರು. ಮೊದಲು ಜಗನ್ ಗೇರಿನ ಬಗ್ಗೆ ಮಾತಾಡುತ್ತಿದ್ದ. ಆಮೇಲೆ ಮಾತು ಕಡಿಮೆಯಾಯಿತು. ಆಮೇಲೆ ನಿಂತಿತು. ಕಾರಿನೊಳಗೆ ಬೆಂದ ಗೂಡಿನ ವಾಸನೆ ದಟ್ಟವಾಯಿತು. ಶ್ರೀವಲ್ಲಿ ಏರಿಯ ಮೇಲೆ ನಿಲ್ಲಿಸಿ, “ಹೇಗಿದೆ?” ಎಂದು ತಿರುಗಿದಳು. ಅವನು ಸಂಕೋಚದಿಂದ ಬಾಗಿಲು ತೆರೆದು ಇಳಿದ.

“ಥ್ಯಾಂಕ್ಸ್ ಮೇಡಂ. ನನ್ನ ಬೈಕ್ ಆ ಊರಲ್ಲೇ ಇದೆ ಅನ್ಸುತ್ತೆ, ನಡ್ಕೊಂಡು ಹೋಗ್ತೀನಿ.”

“ಜಗನ್, ತಮಾಷೆ ಸಾಕು.”

“ನನ್ನ ಹೆಸರು ನಿಮಗೆ ಹೇಗೆ ಗೊತ್ತು?”

ಅವಳು ಫೋನ್ ತೆಗೆದು ಅವನಿಗೆ ಕರೆ ಮಾಡಿದಳು. ಅವನ ಜೇಬಿನಲ್ಲಿ ರಿಂಗಾಯಿತು. ತೆಗೆದು ನೋಡಿದ. ಹುಬ್ಬು ಗಂಟಿಕ್ಕಿದ. “ವಲ್ಲಕ್ಕ ಅಂತೆ. ಯಾರೋ ಇವರು…” ಎಂದು ತನಗೆ ತಾನೇ ಹೇಳಿಕೊಂಡು ಕರೆ ಕಟ್ ಮಾಡಿದ. ಬಿಸಿಲಿನ ಏರಿಯ ಮೇಲೆ ಅವನು ದೂರವಾಗುವುದನ್ನು ಅವಳು ನೋಡುತ್ತಾ ಕೂತಳು. ಒಮ್ಮೆಯೂ ಅವನು ತಿರುಗಲಿಲ್ಲ.

ಅಂದು ಶ್ರೀವಲ್ಲಿ ತಾನಾಗಿಯೇ ರಾಮಲಕ್ಷ್ಮಮ್ಮನ ಜಗಲಿಗೆ ಹೋಗಿ ಕೂತಳು. ಮುದುಕಿ ಎಲೆಗೆ ಸುಣ್ಣ ಸವರುತ್ತಾ ಹೇಳಿದಳು.

“ಚಿಕ್ಕವೆಂಕಟಮ್ಮ ಅಂತ, ಆ ಕೊಟ್ಟಿಗೇಲಿ ನೂಲು ತೆಗೀತಿದ್ಲು. ಅವಳ ಮಗ, ಸಣ್ಣ ಕೂಸು, ಕುದಿಯೋ ಬಾಣಲೆಗೆ ಬಿತ್ತಮ್ಮ. ಎತ್ಕೊಂಡು ಬಂದು ವೆಂಕಟರಾಮಪ್ಪನ ಕಾಲಿಗೆ ಬಿದ್ಲು, ಗಾಡೀಲಿ ಆಸ್ಪತ್ರೆಗೆ ಬಿಡಿ ಸಾಮಿ ಅಂತ. ‘ನನ್ನ ಪಕ್ಕ ನೀನು ಕೂರ್ತೀಯಾ?’ ಅಂದ. ಅಂದು ಹೊರಟೇಬಿಟ್ಟ. ಕೂಸು ದಾರೀಲೇ ಹೋಯ್ತು. ಅವಳು ಗಡಿ ದಾಟಿ ಹೋಗಿ ಯಾರ ಹತ್ರ ಮಾಟ ಮಾಡಿಸಿದ್ಲೋ. ನಿನ್ನ ಪಕ್ಕ ಕೂತೋರು ಯಾರೂ ನಿನ್ನೋರಾಗಿ ಇಳೀಬಾರ್ದು ಅಂತ.”

“ಆಮೇಲೆ?”

“ಹೆಂಡ್ತಿ ಕೂತ್ಲು. ಇಳಿದು, ಇದ್ಯಾರ ಮನೆ ಅಂದ್ಲು. ಮಕ್ಕಳು ಕೂತ್ರು. ತುಂಬಿದ ಮನೇಲಿ ಆಯಪ್ಪನ್ನ ಒಬ್ರೂ ಅಪ್ಪಾ ಅನ್ನಲಿಲ್ಲ. ಅದಕ್ಕೇ ಗೋಡೆ ಎತ್ತಿಸ್ದ.”

“ವಾಪಸ್ಸು ನೆನಪು ಬರಲಿಲ್ವಾ? ಯಾರಿಗೂ?”

“ಲೇದು ತಲ್ಲಿ. ಯಾರಿಗೂ ಇಲ್ಲ.”

ಮಾರನೆಯ ದಿನ ಕಾಂಟೆಸ್ಸಾ ತರಲು ಹೋದರೆ ಜಗನ್ ಕೊಡಲಿಲ್ಲ. “ಯಾರೋ ಬಂದು ನನ್ನದು ಅಂದ್ರೆ ಕೊಡೋಕಾಗುತ್ತಾ? ಓನರ್ ಬರಲಿ,” ಎಂದ. ಆರ್.ಸಿ. ಪುಸ್ತಕ ಅದೇ ಕಾರಿನ ಡ್ಯಾಷ್‌ಬೋರ್ಡಿನಲ್ಲಿತ್ತು. ಅವನ ಹುಬ್ಬಿನ ಗಂಟು ನೋಡಲಾರದೆ ಅವಳು ಬರಿಗೈಯಲ್ಲಿ ಮನೆಗೆ ಬಂದಳು. ತಾಯಿಯ ಮುಂದೆ ಎಲ್ಲ ಹೇಳಿ, ಮದುವೆ ಮುರಿದಾಗಲೂ ಅಳದವಳು ಅಂದು ಅತ್ತಳು.

ಕನಕಲಕ್ಷ್ಮಿ ಬಹಳ ಹೊತ್ತು ಮಗಳ ತಲೆ ನೇವರಿಸಿದಳು. “ಆ ಗಾಡಿ ನಮಗೆ ಬೇಡ ಕಣೇ. ಮತ್ತೆ ಗೋಡೆ ಕಟ್ಟಿಸ್ಬಿಡು. ಅದಕ್ಕೆ ಮುಂಚೆ ಆ ತಾಯಿ ಹೆಸರಲ್ಲಿ ಒಂದು ದೀಪ ಹಚ್ಚೋಣ. ಕೂಸು ಕಳ್ಕೊಂಡೋಳು. ಅವಳಿಗೂ ಯಾರಿದ್ರು ಹೇಳು?”

ಬಸ್ಸಿನಲ್ಲಿ ದಿಬ್ಬೂರಹಳ್ಳಿಗೆ, ಅಲ್ಲಿಂದ ಆಟೋದಲ್ಲಿ ಊರಿಗೆ ಹೋದರು. ಆಟೋದವನು ಇಳಿಸಿ ಹೊರಟುಹೋದ. ಊರು ಬಿಕೋ ಎನ್ನುತ್ತಿತ್ತು. ಎಲ್ಲರೂ ಟೆಂಪೋ ಮಾಡಿಕೊಂಡು ಯಾವುದೋ ಮದುವೆಗೆ ಹೋಗಿದ್ದರು. ನೆತ್ತಿಯ ಮೇಲೆ ಬಿಸಿಲು. ಕಾಗೆಯೂ ಕೂಗುತ್ತಿರಲಿಲ್ಲ. ಜಗಲಿಯಲ್ಲಿ ರಾಮಲಕ್ಷ್ಮಮ್ಮ ಒಬ್ಬಳೇ.

ಒಡೆದ ಗೋಡೆಯ ಹತ್ತಿರ ದೀಪಕ್ಕೆ ಜಾಗ ಮಾಡಲೆಂದು ಕನಕಲಕ್ಷ್ಮಿ ಬಗ್ಗಿ ಕಲ್ಲು ಸರಿಸಿದಳು. ಕುಕ್ಕರಿನ ಹಬೆ ಬಿಟ್ಟಂಥ ಸದ್ದು. “ಅಮ್ಮಾ!” ಎಂದು ಅವಳೇ ಕೂಗಿ ಕೈ ಹಿಂದಕ್ಕೆಳೆದುಕೊಂಡಳು. ಕಲ್ಲಿನ ಸಂದಿಯಲ್ಲಿ ಸರಪಳಿಯಂಥ ಮಚ್ಚೆಯ ಮೈ ಸುತ್ತಿ ಸುಳಿದು ಮರೆಯಾಯಿತು. ಕೊಳಕುಮಂಡಲ ಹಾವು ಕಚ್ಚಿತ್ತು.

ಶ್ರೀವಲ್ಲಿ ಆಂಬುಲೆನ್ಸಿಗೆ ಫೋನು ಮಾಡಿದಳು. ಬರುತ್ತದೆ, ಆದರೆ ಚಿಂತಾಮಣಿ ಕಡೆಯಿಂದ ಬರಬೇಕು, ತಡವಾಗುತ್ತದೆ ಎಂದರು. ಅಷ್ಟರಲ್ಲಿ ತಾಯಿಯ ಕೈ ಮೊಣಕೈವರೆಗೆ ಊದಿತ್ತು. ಸ್ವಲ್ಪ ಹೊತ್ತಿಗೆ ಒಸಡಿನಿಂದ ರಕ್ತ ಜಿನುಗಿತು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಓಡಿ ಕೂಗಿದಳು. ಎಲ್ಲ ಬಾಗಿಲಿಗೂ ಬೀಗ. ಅವಳ ಕೂಗೇ ಗೋಡೆಗೆ ಬಡಿದು ವಾಪಸ್ಸು ಬಂತು.

ಕೋಣೆಯೊಳಗೆ ಲ್ಯಾಂಡ್‌ಮಾಸ್ಟರ್ ನಿಂತಿತ್ತು. ಕೀಲಿ ಅದರಲ್ಲೇ ಇತ್ತು. ಕೂರಿಸಲು ಇದ್ದದ್ದು ಒಂದೇ ಸೀಟು.

“ವದ್ದಮ್ಮ, ಬೇಡ…” ಎಂದಳು ರಾಮಲಕ್ಷ್ಮಮ್ಮ. 

ಕನಕಲಕ್ಷ್ಮಿ ಕಂಬಕ್ಕೊರಗಿ, ಮಗಳ ಸೆರಗು ಹಿಡಿದುಕೊಂಡಳು. “ಬೇಡ ಕಣೇ. ನಿನ್ನ ಮರೆತು ಬದುಕಿ ನಾನೇನ್ ಮಾಡ್ಲಿ? ಇಲ್ಲೇ ಹೋಗ್ತೀನಿ. ನಿನ್ನ ತೊಡೆ ಮೇಲೆ ಹೋಗ್ತೀನಿ. ಅಷ್ಟು ಕೊಡು ನಂಗೆ.”

ಶ್ರೀವಲ್ಲಿ ತಾಯಿಯ ಮುಖ ನೋಡಿದಳು. ಅವಳನ್ನು ಅವಳೆಂದು ಬಲ್ಲ ಕಣ್ಣುಗಳು ಈ ಲೋಕದಲ್ಲಿ ಉಳಿದಿದ್ದವು ಅವೆರಡೇ. ಅವನ್ನು ತುಂಬ ನೋಡಿದಳು. ಆಮೇಲೆ ತಾಯಿಯನ್ನು ಮಗುವಿನಂತೆ ಎತ್ತಿಕೊಂಡು ಹೋಗಿ ಎಡಗಡೆ ಕೂರಿಸಿದಳು.

ಗಾಡಿ ಒಂದೇ ಸಲಕ್ಕೆ ಚಾಲೂ ಆಯಿತು. ಕಾದು ಕೂತಿತ್ತೋ ಎಂಬಂತೆ.

ಕೆರೆ ಏರಿ. ಹಿಪ್ಪುನೇರಳೆ. ದೂಳು. ಆ ವಾಸನೆ.

“ಮಾತಾಡ್ತಿರಮ್ಮ. ನನ್ನ ಹೆಸರು ಹೇಳ್ತಿರು. ಬಿಡಬೇಡ.”

“ಶ್ರೀವಲ್ಲಿ. ಶ್ರೀವಲ್ಲಿ. ನನ್ನ ಮಗಳು ಶ್ರೀವಲ್ಲಿ.” ಜಪದಂತೆ ಹೇಳಿದಳು ಕನಕಲಕ್ಷ್ಮಿ. “ಹುಟ್ಟಿದಾಗ ತಲೆ ತುಂಬ ಕೂದಲು. ಮೊದಲ ದಿನ ಸ್ಕೂಲಿಗೆ ಹೋಗಲ್ಲ ಅಂತ ಬಾವಿಕಟ್ಟೆ ಹಿಂದೆ ಬಚ್ಚಿಟ್ಕೊಂಡಿದ್ಲು. ಶ್ರೀವಲ್ಲಿ…”

ಹಿಂದೆ, ಸೀಟಿಲ್ಲದ ಕಡೆ, ಮಗುವೊಂದು ನರಳಿತು. ಶ್ರೀವಲ್ಲಿ ಕನ್ನಡಿ ನೋಡಲಿಲ್ಲ. ನೋಡಲಾರಳು. ಕುತ್ತಿಗೆಯ ಹಿಂದೆ ಬಿಸಿ ಹಬೆ. ನೀರು ತೊಟ್ಟಿಕ್ಕುವ ಸದ್ದು. ಒದ್ದೆ ಕೈಯೊಂದು ಮುಂದೆ ಬಂದು ಕನಕಲಕ್ಷ್ಮಿಯ ತಲೆಯ ಮೇಲೆ ಕೂತಿತು. ಬೆರಳಿನ ಚರ್ಮ ಬೆಂದು ಸುಲಿದಿತ್ತು.

“ನನ್ನದು ತಗೋ,” ಶ್ರೀವಲ್ಲಿ ಕಿರುಚಿದಳು. “ನನ್ನ ನೆನಪು ತಗೋ! ನನ್ನ ಜೀವ ತಗೋ! ಅವಳ ಹತ್ರ ಅದೊಂದು ಬಿಡು!”

ಕೈ ಅಲುಗಲಿಲ್ಲ. ನೇವರಿಸುತ್ತಿತ್ತು. ಮೆಲ್ಲಗೆ, ತಾಯಿಯೇ ನೇವರಿಸುವಂತೆ.

“ಶ್ರೀವಲ್ಲಿ,” ಎಂದಳು ಕನಕಲಕ್ಷ್ಮಿ. ತಿರುವು. “ವಲ್ಲಿ.” ಗುಂಡಿ. “ಬಾವಿಕಟ್ಟೆ ಹಿಂದೆ… ಯಾರೋ ಒಂದು ಹುಡುಗಿ…” ದಿಬ್ಬೂರಹಳ್ಳಿ ದಾಟಿತು. “ಆ ಹುಡುಗಿ…” ಹಾರ್ನು. ಲಾರಿ. ದೂಳು. “ಆ…”

ಆಮೇಲೆ ಮಾತಿಲ್ಲ. ಎಂಜಿನ್ನಿನ ಸದ್ದು ಮಾತ್ರ.

ಶಿಡ್ಲಘಟ್ಟದ ಆಸ್ಪತ್ರೆಯಲ್ಲಿ ತಡಮಾಡದೆ ಒಳಗೆ ತೆಗೆದುಕೊಂಡರು. ಇನ್ನು ಸ್ವಲ್ಪ ತಡವಾಗಿದ್ದರೆ ಕೈಮೀರುತ್ತಿತ್ತು ಎಂದರು ಡಾಕ್ಟರು. ಹೊರಗೆ ಬಂದ ಶ್ರೀವಲ್ಲಿ ಲ್ಯಾಂಡ್‌ಮಾಸ್ಟರಿನ ಬಾನೆಟ್ ಎತ್ತಿ, ಕೈಗೆ ಸಿಕ್ಕ ತಂತಿಗಳನ್ನೆಲ್ಲ ಕಿತ್ತು ಹಾಕಿದಳು, ಕೀಲಿಯನ್ನು ಚರಂಡಿಗೆಸೆದಳು. ಸುದ್ದಿ ತಿಳಿದು ಬಂದ ಚಲಪತಿ ಮುಂದಿನ ಚಕ್ರಗಳನ್ನು ಎತ್ತಿ ಟ್ರ್ಯಾಕ್ಟರಿಗೆ ಬಿಗಿದು, ಒಳಗೆ ಯಾರನ್ನೂ ಕೂರಿಸದೆ ಗಾಡಿಯನ್ನು ಎಳೆಸಿಕೊಂಡು ಹೋದ. ವಾರದೊಳಗೆ ಗೋಡೆ ಎದ್ದಿತು.

ಕನಕಲಕ್ಷ್ಮಿ ಮೂರನೆಯ ದಿನ ಎದ್ದು ಕೂತಳು. ಕಿಟಕಿಯಿಂದ ಸಂಜೆಯ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಶ್ರೀವಲ್ಲಿ ಸ್ಟೂಲಿನ ಮೇಲೆ ಕೂತು ಗಂಜಿ ಆರಿಸುತ್ತಿದ್ದಳು. ತಾಯಿ ಅವಳನ್ನೇ ನೋಡಿದಳು. ಆ ನೋಟದಲ್ಲಿ ಕೃತಜ್ಞತೆಯಿತ್ತು, ಪರಿಚಯವಿರಲಿಲ್ಲ.

“ನರ್ಸಮ್ಮ ಹೇಳಿದ್ರು, ನೀವೇ ಅಂತೆ ನನ್ನ ಕರ್ಕೊಂಡು ಬಂದಿದ್ದು. ದೇವರು ಬಂದಂಗೆ ಬಂದ್ರಿ. ನಿಮ್ಮ ಹೆಸರೇನಮ್ಮ?”

“ಶ್ರೀವಲ್ಲಿ.”

“ಚೆನ್ನಾಗಿದೆ. ಯಾರಿಟ್ಟಿದ್ದು?”

ಶ್ರೀವಲ್ಲಿ ಗಂಜಿಯ ಚಮಚವನ್ನು ಅವಳ ಬಾಯಿಯ ಹತ್ತಿರ ಹಿಡಿದಳು. 

“ನಮ್ಮಮ್ಮ.”

ಕನಕಲಕ್ಷ್ಮಿ ಗಂಜಿ ನುಂಗಿ, ತಲೆದೂಗಿದಳು. ಆಮೇಲೆ ಕಿಟಕಿಯಾಚೆ ನೋಡಿ, ಒಳ್ಳೆಯ ಹೆಂಗಸರು ಪರರ ಬಗ್ಗೆ ತೋರಿಸುವ ಅಕ್ಕರೆಯಿಂದ ಅವಳ ಕೈ ತಟ್ಟಿದಳು.

“ಕತ್ತಲಾಗ್ತಾ ಬಂತು. ನನಗೋಸ್ಕರ ಎಷ್ಟು ಹೊತ್ತು ಕೂರ್ತೀರಿ? ಹೊರಡಿ ತಾಯಿ. ಪಾಪ, ನಿಮ್ಮಮ್ಮ ಬಾಗಿಲಲ್ಲೇ ಕಾಯ್ತಾ ಇರ್ತಾರೆ.”