ದೊಡ್ಡ ಅಕ್ಷರ

2013ರ ಜೂನ್ 18, ಮಂಗಳವಾರ. ಜಹೀರಾಬಾದ್ ಠಾಣೆಗೆ ಬಂದ ಧಮ್ಮಶೀಲಾ ನಿಂತೇ ಕನ್ನಡದಲ್ಲಿ ದೂರು ಹೇಳಿದಳು. ರೈಟರ್ ತೆಲುಗಿನಲ್ಲಿ ಬರೆದುಕೊಂಡ. ಇನ್‌ಸ್ಪೆಕ್ಟರ್ ಬಕ್ಕಪ್ಪ ಕುರ್ಚಿ ಎಳೆದುಕೊಟ್ಟು ನೀರು ತರಿಸಿದರು.

ತಾಂಡೂರಿನ ಆಸ್ಪತ್ರೆಯೊಂದರಲ್ಲಿ ಆಕೆಗೆ ನರ್ಸ್ ಕೆಲಸ ಸಿಕ್ಕಿತ್ತು. ಹಾಜರಾಗಲು ಸೋಮವಾರವೇ ಕಡೆಯ ದಿನ. ತೆಲಂಗಾಣ ಹೋರಾಟದ ಕಾಲ. ಯಾವ ಬಸ್ಸು ಎಂದು ನಿಲ್ಲುವುದೋ ಡಿಪೊದವರಿಗೇ ತಿಳಿಯದು. ಗಡಿಯ ಕನ್ನಡಿಗರು ‘ಗಡಿಕಟ್ಟೆ’ ಎಂಬ ಇಂಟರ್‌ನೆಟ್ ಫೋರಂ ನೋಡಿಯೇ ಮನೆ ಬಿಡುತ್ತಿದ್ದರು.

“ತಾಂಡೂರ ಬಸ್ ಬಂದ್ ಅದ ಅಂತಿತ್ರಿ. ಮನ್ಯಾಗೇ ಕುಂತೆ. ಈಗ ಆಸ್ಪತ್ರಿಯವರು, ಬಸ್ ಬಂದಾವ, ನೀ ಯಾಕ ಬರಲಿಲ್ಲ ಅಂತಾರ. ನನ್ನ ಜಾಗ ಬ್ಯಾರೆಯಾಕಿಗೆ ಕೊಡ್ತಾರಂತ್ರಿ.”

“ಅಕ್ಕಾ, ನಾನೂ ಓದೀನಿ. ಬಸ್ ಹೊಂಟದ ಅಂತಿತ್ತು,” ಎಂದ ಕಾನ್‌ಸ್ಟೆಬಲ್ ಜೈಭೀಮ.

ಠಾಣೆಯ ಕಂಪ್ಯೂಟರಿನಲ್ಲಿ ಇಬ್ಬರೂ ಸರದಿಯಂತೆ ಲಾಗಿನ್ ಆದರು. ಅದೇ ಸುದ್ದಿ ಅವನಿಗೆ ‘ಹೊಂಟದ’, ಆಕೆಗೆ ‘ಬಂದ್ ಅದ’. ಬರೆದವನು ತಾಂಡೂರು ಬಸ್ ನಿಲ್ದಾಣದ ಚಹಾದಂಗಡಿಯ ಬೀರಣ್ಣ. ಬಕ್ಕಪ್ಪ ಫೋನ್ ಮಾಡಿದರು.

“ಹೊಂಟದ ಅಂತೇ ಬರದೀನ್ರಿ ಸಾಹೇಬ್ರ. ಬಸ್ ತುಂಬ ಮಂದಿ ಇಳದು ನನ್ನ ಚಾ ಕುಡದಾರ. ಅವರೇನು ಹಾರಿ ಬಂದಾರೇನ್ರಿ?”

ಬಕ್ಕಪ್ಪ ಮತ್ತೆ ಪರದೆ ನೋಡಿ ಧಮ್ಮಶೀಲಾಳ ಕಡೆ ತಿರುಗಿದರು. “ನಿನಗ ಅಕ್ಷರ ಇಷ್ಟ ದೊಡ್ಡವು ಯಾಕ ಕಾಣ್ತಾವ?”

“ನನ್ನ ಕಣ್ಣು ಮಂದ ಅದಾವ್ರಿ. ನನ್ನ ಖೋಲ್ಯಾಗ ಇರೋ ಗೆಳತಿ ಶಿಲ್ಪಾರಾಣಿ ಮಾಡಿಕೊಟ್ಟಾಳ.”

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಜೀಪು ನಾರಾಯಣಖೇಡಕ್ಕೆ ಹೋಯಿತು. ಫೋರಂ ಶುರುಮಾಡಿದ ಬೇಳೆ ವ್ಯಾಪಾರಿ ಆನಂದಕುಮಾರ ತೊಗರಿ ಚೀಲಗಳ ನಡುವೆ ಕೂತಿದ್ದ.

“ಪೋಸ್ಟ್ ಯಾರು ತಿದ್ದಿದರು?”

“ಯಾರೂ ತಿದ್ದಿಲ್ರಿ. ಫೋರಂದಾಗ ಜಾವಾಸ್ಕ್ರಿಪ್ಟ್ ಪ್ಲಗಿನ್ ಹಾಕಾಕ ಬರ್ತದ. ಮೂಲ ಬರಹ ಹಾಂಗೇ ಇರ್ತದ, ಓದವರ ಪರದೆ ಮ್ಯಾಲ ತೋರಸೂಮುಂದ ರೂಪ ಬದಲಿ ಮಾಡ್ತದ. ಒಬ್ಬರಿಗೇ ಬ್ಯಾರೆ ತೋರಸಬಹುದು.”

“ಪ್ಲಗಿನ್ ಬರಿಯೋರು?”

“ಶಿಲ್ಪಾರಾಣಿ ಒಬ್ಬಾಕಿನೇ ರೀ.”

ಸಂಜೆ ಜಹೀರಾಬಾದಿನಲ್ಲಿ ಗೆಳತಿಯರ ಖೋಲಿಯಲ್ಲಿ ಇಬ್ಬರು ಪಂಚರ ಎದುರು ಶಿಲ್ಪಾರಾಣಿಯ ಲ್ಯಾಪ್‌ಟಾಪ್ ಜಪ್ತಿಯಾಯಿತು. ಓದುವವರು ಧಮ್ಮಶೀಲಾ ಆದರೆ ಅಕ್ಷರ ದೊಡ್ಡದು ಮಾಡು ಎನ್ನುವ ಹಳೆಯ ಕೋಡಿನ ಕೆಳಗೆ ಹೊಸದೊಂದು ಸಾಲು: ತಾಂಡೂರ ಸುದ್ದಿಯಲ್ಲಿ ‘ಹೊಂಟದ’ ಇದ್ದರೆ ‘ಬಂದ್ ಅದ’ ಎಂದು ತೋರಿಸು. ಗೋಡೆಯ ಗೂಡಿನಲ್ಲಿ ಶೇಂಗಾ ಚಟ್ನಿಪುಡಿಯ ಡಬ್ಬಿ, ಪ್ರಯಾಣಕ್ಕೆಂದು ಅರಿವೆಯಲ್ಲಿ ಕಟ್ಟಿಟ್ಟಿತ್ತು.

“ಇದು ಯಾರು ಕಟ್ಟಿದ್ದು?”

“ನಾನೇ ರೀ,” ಎಂದಳು ಶಿಲ್ಪಾರಾಣಿ. “ಹೋಗಲಿ ಅಂತೇ ಕಟ್ಟಿದೆ. ಆಮ್ಯಾಲ... ಆಕಿ ಹೋದ್ರ ಇಲ್ಲಿ ನನ್ನ ಹೆಸರ ಹಿಡದು ಕರಿಯೋರು ಯಾರದಾರ್ರಿ? ಒಂದ್ ದಿನ ತಪ್ಪಿದ್ರ ಇಲ್ಲೇ ಉಳಿತಾಳ ಅನ್ಕೊಂಡೆ.”

ಬಕ್ಕಪ್ಪನವರ ಕ್ವಾರ್ಟರ್ಸಿನಲ್ಲೂ ಹೋಟೆಲಿನ ಡಬ್ಬಿಯೊಂದೇ ಕಾಯುತ್ತಿತ್ತು. ಅವರು ತಲೆ ಎತ್ತದೆ ಪಂಚನಾಮೆಗೆ ಸಹಿ ಹಾಕಿದರು. ಮಹಿಳಾ ಕಾನ್‌ಸ್ಟೆಬಲ್ ಶಾಮಲಾ ಆಕೆಯನ್ನು ಬಂಧಿಸಿದಳು. ಕೈ ಹಿಡಿದು ಎಳೆಯಲಿಲ್ಲ, ಚಪ್ಪಲಿ ಹಾಕಿಕೊಳ್ಳುವವರೆಗೆ ಕಾದಳು.

ಠಾಣೆಯಿಂದ ಬಕ್ಕಪ್ಪ ಆಸ್ಪತ್ರೆಗೆ ಫೋನ್ ಮಾಡಿ ನಡೆದದ್ದು ತಿಳಿಸಿದರು. ಎಫ್‌ಐಆರ್ ನಕಲು ಹಿಡಿದು ನಾಳೆ ಬಂದರೆ ಸೇರಿಸಿಕೊಳ್ಳುತ್ತೇವೆ, ನಾಡಿದ್ದು ಆಗದು ಎಂದರು ಆಸ್ಪತ್ರೆಯವರು.

ಆಗಲೇ ಆನಂದಕುಮಾರ ಪ್ಲಗಿನ್ ತೆಗೆದುಹಾಕಿದ್ದ. ನಾಳೆಯ ಬಸ್ಸು ನೋಡಲು ಧಮ್ಮಶೀಲಾ ಠಾಣೆಯ ಕಂಪ್ಯೂಟರಿನಲ್ಲಿ ಫೋರಂ ತೆರೆದಳು. ಅಕ್ಷರಗಳು ಇರುವೆ ಸಾಲಿನಂತೆ ಸಣ್ಣಗಾಗಿದ್ದವು. ಕಣ್ಣು ಕಿರಿದು ಮಾಡಿ ಬಗ್ಗಿದಳು. ಕಾಣಲಿಲ್ಲ. ರೂಢಿಯಂತೆ ಹಿಂದೆ, ಶಾಮಲಾಳ ಕಾವಲಿನಲ್ಲಿ ನಿಂತಿದ್ದ ಗೆಳತಿಯ ಕಡೆ ತಿರುಗಿದಳು.

“ಶಿಲ್ಪಾ, ಏನ್ ಬರದದ ನೋಡವಾ.”

ಶಾಮಲಾ ಸರಿದು ದಾರಿ ಬಿಟ್ಟಳು. ಶಿಲ್ಪಾರಾಣಿ ಪರದೆಯ ಹತ್ತಿರ ಬಂದು ಬಹಳ ಹೊತ್ತು ನೋಡಿದಳು.

“ಬಸ್ ಅದ,” ಎಂದಳು. “ಮುಂಜಾನಿ ಏಳಕ್ಕ.”